ಅಂಗೈಗೆ ಅಂಟಿದ ರೇಕು

ಮ್ಯಾಂಡಲೆ, ಚಿನ್ನದ ರೇಕಿನ ಕೇರಿ
೩೦ ಸೆಪ್ಟೆಂಬರ್ ೧೯೯೪, ಶುಕ್ರವಾರ

ಪ್ರೀತಿಯ ಅಮ್ಮಾ,

ತಲೆ ಬೋಳಿಸಿಕೊಂಡು ಸನ್ಯಾಸಿನಿಯಾದವಳನ್ನು ಸ್ವಂತ ಮಗಳೂ ‘ಸಯಾಲೇ’ ಎಂದೇ ಕರೆಯಬೇಕು, ‘ನೀವು’ ಅನ್ನಬೇಕು, ಗೊತ್ತಿದೆ. ಎದುರಿಗೆ ಬಂದಾಗ ಹಾಗೇ ಕರೆಯುತ್ತೇನೆ. ಕಾಗದದಲ್ಲಾದರೂ ಅಮ್ಮಾ ಅನ್ನಲು ಬಿಡು. ನಿನಗೆ ಇದನ್ನು ಓದಿ ಹೇಳುತ್ತಿರುವ ಸಯಾಲೇ ಖೇಮಾಸಾರಿ ಅವರೂ ಹುಬ್ಬು ಗಂಟಿಕ್ಕದೆ ಇದ್ದದ್ದು ಇದ್ದಂತೆ ಓದಲಿ.

ಮೈ ಹೇಗಿದೆ? ಸಂಜೆಯ ಜ್ವರ ಬಿಟ್ಟಿತೇ? ನಿಮ್ಮ ಮಠಕ್ಕೆ ಹೂವು ಹಾಕುವ ಮಾ ಓನ್ ಮೊನ್ನೆ ಬಂದು, ನೀನು ಎರಡು ಚಮಚ ಗಂಜಿಗೇ ಸಾಕು ಅನ್ನುತ್ತೀಯ, ಕಣ್ಣು ಪೂರ್ತಿ ಮಂಜಾಗಿದೆ ಅಂತ ಹೇಳಿದಳು. ಮಧ್ಯಾಹ್ನದ ಮೇಲೆ ಏನೂ ತಿನ್ನದ ನಿಯಮವನ್ನು ಕಾಯಿಲೆಯಲ್ಲಾದರೂ ಸಡಿಲ ಮಾಡಬಾರದೇ? ಮಳೆಗಾಲದ ಮೂರು ತಿಂಗಳ ವ್ರತ ಮುಗಿಯುವವರೆಗೆ ಮನೆಯವರು ಯಾರೂ ಬರಕೂಡದು ಎಂದು ಕಟ್ಟು ಹಾಕಿಕೊಂಡವಳೂ ನೀನೇ. ದಿನಾ ಸಂಜೆ ನದಿಯ ದಂಡೆಗೆ ಹೋಗಿ ಆಚೆ ದಡದ ಸಗಾಯಿಂಗ್ ಗುಡ್ಡ ನೋಡಿಕೊಂಡು ಬರುತ್ತೇನೆ. ಅಲ್ಲಿ ಕಾಣುವ ಬಿಳಿ ಗೋಪುರಗಳಲ್ಲಿ ಯಾವುದರ ಹಿಂದೆ ನೀನಿದ್ದೀಯೋ ಎಂದು ಲೆಕ್ಕ ಹಾಕುವುದೇ ನನ್ನ ಕೆಲಸವಾಗಿದೆ. ಒಂದು ದೋಣಿ ಹತ್ತಿದರೆ ಮುಗಿಯುವ ದೂರ ಅದು. ನನಗೆ ನಿನ್ನ ಮೇಲೆ ಸಿಟ್ಟೂ ಬರುತ್ತದೆ, ಹೇಳಿಬಿಡುತ್ತೇನೆ.

ಇಲ್ಲಿ ಎಲ್ಲ ಹಾಗೇ ಇದೆ. ದೀಪದ ಹುಣ್ಣಿಮೆ ಬಂತಲ್ಲ, ಬುದ್ಧನಿಗೆ ಹಚ್ಚಲು ಎಲ್ಲರಿಗೂ ರೇಕು ಬೇಕು. ಬೆಳಗಾದರೆ ಸುತ್ತಿಗೆಗಳ ಸದ್ದು. ಒಳಗಿನ ಕೋಣೆಯಲ್ಲಿ ನಿನ್ನ ಜಾಗಕ್ಕೆ ಚಿಕ್ಕಮ್ಮ ಟಿನ್ ಪು ಕೂರುತ್ತಾಳೆ. ಗಾಳಿಗೆ ರೇಕು ಹಾರುತ್ತದೆಂದು ಅದೇ ಮುಚ್ಚಿದ ಕಿಟಕಿ, ಫ್ಯಾನಿಲ್ಲ, ರೇಕು ಕತ್ತರಿಸುವ ಅದೇ ಎಮ್ಮೆ ಕೊಂಬಿನ ಕಡ್ಡಿ. ಕೆಲಸ ಚೆನ್ನಾಗಿಯೇ ಮಾಡುತ್ತಾಳೆ, ಆದರೆ ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರುವುದಿಲ್ಲ. ನೀನು ಕತ್ತರಿಸುವಾಗ ಉಸಿರು ಕೂಡ ಪಕ್ಕಕ್ಕೆ ತಿರುಗಿ ಬಿಡುತ್ತಿದ್ದೆ. ಚಿಕ್ಕಮ್ಮ ನಕ್ಕರೆ ಎರಡು ರೇಕು ಹಾರಿ ಗೋಡೆ ಸೇರುತ್ತವೆ.

ಅಂಗೈ ಬೆವರು ನಿಲ್ಲಲೆಂದು ಚಹಾದ ನೀರಿನಲ್ಲಿ ಕೈ ಅದ್ದುವುದನ್ನು ನಾನು ಬಿಟ್ಟಿಲ್ಲ. “ಕೈ ಒಣಗಿತು ಅಂತ ಬರೆದಿದ್ದೆಯಲ್ಲ, ಮತ್ತೆ ಯಾಕೆ?” ಅಂತ ನೀನು ಕೇಳುತ್ತೀಯ. ರೂಢಿಯಾಗಿಬಿಟ್ಟಿದೆ, ಅಷ್ಟೇ. ನೀನು ಹೇಳಿಕೊಟ್ಟ ಹಾಗೆಯೇ, ಕಪ್ಪಗಾಗುವಷ್ಟು ಕುದಿಸಿ, ಆರಿಸಿ, ಅಲ್ಯೂಮಿನಿಯಂ ಬೋಗುಣಿಗೆ ಸುರಿದು, ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಗಡಿಯಾರ ನೋಡುವುದಿಲ್ಲ. ಸುತ್ತಿಗೆಯ ಪಾಳಿಗೆ ಹೊತ್ತು ಅಳೆಯಲು ಅಪ್ಪ ಇಟ್ಟುಕೊಂಡಿದ್ದ ತೂತಿನ ತೆಂಗಿನ ಚಿಪ್ಪನ್ನು ಪಕ್ಕದ ಬಕೆಟ್ಟಿನಲ್ಲಿ ತೇಲಿಬಿಡುತ್ತೇನೆ. ಅದು ನೀರು ತುಂಬಿ ಹತ್ತು ಸಲ ಮುಳುಗಿದರೆ ಅರ್ಧ ಗಂಟೆ. ಮುಳುಗಿದ್ದನ್ನು ಎತ್ತಿ ಬಿಡಲು ನನ್ನ ಕೈಗೆ ಬಿಡುವಿಲ್ಲ, ಚಿಕ್ಕಮ್ಮನೇ ಗೊಣಗುತ್ತಾ ಎತ್ತಬೇಕು. “ಏನೇ ನ್ವೇ ಯೀ, ಇನ್ನೂ ಎಷ್ಟು ವರ್ಷ ನೆನೆಸ್ತೀಯೇ? ಎಣ್ಣೆ, ಬೆಳ್ಳುಳ್ಳಿ, ಹುರಿದ ಕಡಲೆಬೀಜ ಹಾಕಿ ಕಲಸಿಬಿಡ್ಲಾ? ನೆಂಟ್ರು ಬಂದ್ರೆ ತಟ್ಟೇಲಿ ಇಡ್ಬೋದು, ಒಳ್ಳೇ ಹುಳಿ ಚಹಾ ಎಲೆ ಥರಾನೇ ಆಗಿದೆ!” ಎನ್ನುತ್ತಾಳೆ. ನಗು ಬರುತ್ತದೆ, ಆದರೆ ಕೈ ನೋಡಿಕೊಂಡರೆ ಅವಳ ಮಾತು ಸುಳ್ಳಲ್ಲ. ಉಗುರಿನ ಸಂದಿಯೆಲ್ಲ ಕಂದು. ಅದ್ದಿ ಕೂತಾಗ ಸೊಳ್ಳೆ ಕಚ್ಚಿದರೂ ಹೊಡೆಯುವಂತಿಲ್ಲ. ಹೋದ ವರ್ಷ ಮೂರು ತಿಂಗಳಾದರೂ ಏನೂ ಆಗದೆ ಬೋಗುಣಿ ಅಂಗಳಕ್ಕೆ ಎಸೆದಿದ್ದೆ, ನೆನಪಿದೆಯೇ? ನೀನು ಹೊರಟು ನಿಂತವಳು, ತಲೆ ಆಗಲೇ ಬೋಳು, ಬಗ್ಗಿ ಆ ಬೋಗುಣಿ ಎತ್ತಿ ಕೊಟ್ಟು ಹೇಳಿದೆ. “ಬಿಡ್ಬೇಡ ಕಣೇ. ಚರ್ಮಾನೂ ಹಠ ಮಾಡತ್ತೆ, ನೀನೂ ಹಠ ಮಾಡು. ಒಣಗಿದ ದಿನ ನಿನ್ನ ಕೈಯಿಂದ್ಲೇ ರೇಕು ಕತ್ತರ್ಸಿ ಕಳ್ಸು, ನಾನು ಬುದ್ಧನ ಮೈಗೆ ಹಚ್ತೀನಿ.” ಆ ಮಾತಿಗೇ ಕೂತಿದ್ದೇನೆ, ದಿನಕ್ಕೆರಡು ಸಲ.

ನನಗೆ ಏಳು ವರ್ಷವಿದ್ದಾಗ ನಡೆದದ್ದು ಈಚೆಗೆ ತುಂಬ ನೆನಪಾಗುತ್ತದೆ. ನೀನು ಊಟಕ್ಕೆ ಎದ್ದಾಗ ಒಳಗೆ ನುಗ್ಗಿ ಹೊಸ ರೇಕಿನ ಮೇಲೆ ಅಂಗೈ ಇಟ್ಟುಬಿಟ್ಟಿದ್ದೆ. ಬೆವರಿಗೆ ಅದು ಗಪ್ಪನೆ ಹಿಡಿದುಕೊಂಡಿತು. ಕೇರಿಯಲ್ಲಿ ಬೇರೆ ಮಕ್ಕಳಿಗೆ ಇಂಥದ್ದಕ್ಕೆ ಬೆತ್ತದ ಏಟು. ನೀನು ನನ್ನ ಮಣಿಕಟ್ಟು ಹಿಡಿದು ಮೂಲೆಯ ಚಿಕ್ಕ ಗುಡಿಗೆ ಎಳೆದುಕೊಂಡು ಹೋಗಿ, ಬುದ್ಧನ ಮಂಡಿಗೆ ನನ್ನ ಅಂಗೈ ಒತ್ತಿದೆ. ಅರ್ಧ ಚಿನ್ನ ಅಲ್ಲಿ ಹತ್ತಿತು, ಅರ್ಧ ನನ್ನ ಕೈಯಲ್ಲೇ ಉಳಿಯಿತು. “ಅವನಿಗೆ ಸ್ವಲ್ಪ, ನಿಂಗೆ ಸ್ವಲ್ಪ” ಅಂದೆ. ತೊಳೆಯುವುದಿಲ್ಲವೆಂದು ನಾನು ಹಠ ಹಿಡಿದದ್ದಕ್ಕೆ ಮೂರು ದಿನ ನೀನೇ ತುತ್ತು ಮಾಡಿ ಉಣಿಸಿದೆ. ಆಮೇಲೆ ನೀನು ನನ್ನ ಕೈ ಹಿಡಿದದ್ದು ಕಡಿಮೆ. ನನ್ನ ಬೆವರು ನಿನ್ನ ಬೆರಳಿಗೆ ತಾಗಿದರೆ ಆ ದಿನದ ಕೆಲಸ ಕೆಡುತ್ತಿತ್ತು. ತಪ್ಪು ನಿನ್ನದಲ್ಲ ಅಂತ ಗೊತ್ತಿತ್ತು, ಆದರೂ ಹೊರಗಿನ ಜಗಲಿಯಲ್ಲಿ ಕೂತು ರೇಕಿನ ಕಟ್ಟುಗಳಿಗೆ ದಾರ ಸುತ್ತುವಾಗ ಅಳು ಬರುತ್ತಿತ್ತು.

ವ್ರತ ಮುಗಿಯುವ ಹುಣ್ಣಿಮೆಗೆ ಇನ್ನು ಹತ್ತೊಂಬತ್ತು ದಿನ. ಮರುದಿನ ಮೊದಲ ದೋಣಿಗೇ ಬಂದು, ಬಾಳೆಹಣ್ಣು, ತೆಂಗಿನಕಾಯಿ ಇಟ್ಟು ನಿನ್ನ ಪಾದಕ್ಕೆ ಮೂರು ಸಲ ಮಣಿಯುತ್ತೇನೆ. ಅಲ್ಲಿಯವರೆಗೆ ಇರು. ದಯವಿಟ್ಟು ಇರು ಅಮ್ಮಾ. ಚಿಕ್ಕಮ್ಮನೂ ನಮಸ್ಕಾರ ಹೇಳಿದ್ದಾಳೆ. ಸಯಾಲೇ ಖೇಮಾಸಾರಿ ಅವರಿಗೆ ನನ್ನ ವಂದನೆ, ನಿನ್ನ ಪುಣ್ಯದಲ್ಲಿ ನನಗೊಂದು ಪಾಲು ಇರಲಿ.

ಶನಿವಾರ ಹುಟ್ಟಿದ ನಿನ್ನ ಮಗಳು,
ನ್ವೇ ಯೀ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಮಾ ಓನ್ ಹೊರಗೆ ಬುಟ್ಟಿ ಹೊತ್ತು “ಬೇಗ ಕೊಡೇ, ದೋಣಿ ಹೋಗತ್ತೆ” ಅನ್ನುತ್ತಿದ್ದಾಳೆ. ಸಯಾಲೇ, ಇದನ್ನೂ ಗಟ್ಟಿಯಾಗಿ ಓದಿ. ಅಮ್ಮಾ, ವ್ರತಕ್ಕೆ ಮುಂಚೆ ನನ್ನದೆಂದು ನಾನು ಕಳಿಸಿದ ಹತ್ತು ರೇಕು ಚಿಕ್ಕಮ್ಮ ಕತ್ತರಿಸಿದ್ದು. ನನ್ನ ಕೈ ಒಣಗಿಲ್ಲ. ಪ್ರತಿ ಕಾಗದದಲ್ಲೂ “ಒಣಗಿತಾ?” ಅಂತ ನೀನು ಕೇಳುತ್ತಿದ್ದೆ, ನಿನ್ನ ಮೈ ಇಳಿಯುತ್ತಿತ್ತು, ಹೂಂ ಅಂದುಬಿಟ್ಟೆ. ನೀನು ಅದನ್ನು ಬುದ್ಧನಿಗೆ ಹಚ್ಚಿರುತ್ತೀಯ ಅಂದುಕೊಂಡಿದ್ದೆ. ಮೊನ್ನೆ ಮಾ ಓನ್ ಹೇಳಿದಳು, ‘ಮಗಳು ಮುಟ್ಟಿದ್ದು’ ಅಂತ ಹಚ್ಚದೆ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೀಯಂತೆ. ಅದನ್ನು ಕೇಳಿದಾಗಿನಿಂದ ಅನ್ನ ಇಳಿಯುತ್ತಿಲ್ಲ. ಅದನ್ನು ತೆಗೆದು ಬುದ್ಧನಿಗೆ ಹಚ್ಚಿಸು. ಈ ಕಾಗದದ ಮಡಿಕೆಯಲ್ಲಿ ಒಂದೇ ಒಂದು ರೇಕಿದೆ, ಅದು ನನ್ನದು. ಈಗೀಗ ಬೆಳಿಗ್ಗೆ ಕೈ ತೆಗೆದ ಮೇಲೆ ಚಿಪ್ಪು ಎರಡು ಸಲ ಮುಳುಗುವಷ್ಟು ಹೊತ್ತು ಅಂಗೈ ಒಣಗಿರುತ್ತದೆ. ಅಷ್ಟರಲ್ಲಿ ಕತ್ತರಿಸಿದೆ. ಒಂದು ಅಂಚು ನೆಟ್ಟಗೆ ಬಂದಿದೆ, ನೀನು ಕತ್ತರಿಸಿದಂತೆಯೇ. ಇನ್ನೊಂದು ಅಂಚಿಗೆ ಬರುವಾಗ ಬೆವರಿತು, ಹರಿದಿದೆ, ನನ್ನ ಹೆಬ್ಬೆರಳಿನ ಗೆರೆ ಮೂಡಿದೆ. ಜ್ವರಕ್ಕೆ ಈಗ ನಿನ್ನ ಕೈಯೂ ಬೆವರುತ್ತದಂತೆ, ಒರೆಸಿದಷ್ಟೂ ಬರುತ್ತದಂತೆ. ಸಯಾಲೇ, ಈ ರೇಕನ್ನು ಅಮ್ಮನ ಅಂಗೈ ಮೇಲಿಟ್ಟು ಒತ್ತಿ. ಹಿಡಿದುಕೊಳ್ಳುತ್ತದೆ. ನಾನು ಬರುವವರೆಗೆ ಆ ಕೈ ತೊಳೆಯಬೇಡಿ, ತುತ್ತು ಮಾಡಿ ನೀವೇ ಉಣಿಸಿ.