ತಿಕೋಟಾ ಸಭಾಗೃಹದ ವನ್ಸ್ ಮೋರ್

ತಿಕೋಟಾ,
ತಾ. ೧೮-೧೧-೧೯೪೬

ಶ್ರೀಮನ್ಮಹಾರಂಗಸಾರ್ವಭೌಮ, ನಾಯಕಿಪಾತ್ರಧುರಂಧರ, ಸೊಲ್ಲಾಪುರದ ನೂಲಿನ ಗಿರಣಿಯ ಸಿಂಹಾಸನಾಧೀಶ್ವರ, ಚಿಕ್ಕಂದಿನಿಂದ ನನ್ನ ಪಾಲಿನ ಉಂಡಿಗಳನ್ನು ಯುದ್ಧವಿಲ್ಲದೆ ಗೆದ್ದುಕೊಂಡ ಪ್ರೀತಿಯ ಅಣ್ಣ ಶಿವಯೋಗೆಪ್ಪನವರ ಚರಣಗಳಿಗೆ ಏಕಮಾತ್ರ ತಮ್ಮನ ದೀರ್ಘದಂಡ ನಮಸ್ಕಾರ.

ಹೇಗಿದ್ದೀ? ಹತ್ತಿಯ ಧೂಳಿಗೆ ನಿನಗೆ ಕೆಮ್ಮು ಹತ್ತಿದೆಯೆಂದು ನಿನ್ನ ಗಿರಣಿಯವನೇ ಆದ ತುಕಾರಾಮ ಹೇಳಿದ. ಅವ್ವ ಶುಂಠಿ-ಬೆಲ್ಲ ಕುಟ್ಟಿ ಅವನ ಕೈಯಲ್ಲಿ ಕಳಿಸುತ್ತಿದ್ದಾಳೆ. ನಾಲ್ಕು ವರ್ಷದಲ್ಲಿ ನೀನು ಒಂದು ಪತ್ರಕ್ಕೂ ಉತ್ತರಿಸಲಿಲ್ಲ. ನನ್ನ ಅಕ್ಷರದ ತಪ್ಪೇನೋ ಎಂದು ಈ ಸಲ ದುಂಡಗೆ ಬರೆಯುತ್ತಿದ್ದೇನೆ.

ಒಂದು ನಿಧನವಾರ್ತೆ. ನಮ್ಮೂರ ಸಭಾಗೃಹದ ರಂಗಮಂಚವು ಕಳೆದ ಸೋಮವಾರ, ತನ್ನ ಮೂವತ್ತೆಂಟನೆಯ ವಯಸ್ಸಿನಲ್ಲಿ, ರೇಶನ್ ಜೋಳದ ಚೀಲಗಳಿಗೆ ಜಾಗ ಬಿಟ್ಟು ತೀರಿಕೊಂಡಿತು. ಮೃತರ ಚರಿತ್ರೆ ನಿನಗೆ ಗೊತ್ತು. ಆದರೂ ಶಾಸ್ತ್ರಕ್ಕೆ ಹೇಳಬೇಕು. ನಮ್ಮ ಅಜ್ಜ ಅರಕೇರಿಯಿಂದ ಬಂಡಿಗಟ್ಟಲೆ ಕಲ್ಲು ತಂದ, ಬಬಲೇಶ್ವರದವರು ಬೇವಿನ ತೊಲೆ ಕೊಟ್ಟರು, ವಿಜಾಪುರದ ಅರಳೆ ವ್ಯಾಪಾರಿಗಳು ತಗಡು ಹೊದಿಸಿದರು. ಸಭೆಗೂ ನಾಟಕಕ್ಕೂ ಅದೊಂದೇ ಮಂಚ. ಮೆಹಬೂಬ ಚಾಚಾ ತಾನು ಬರೆದ ಅರಮನೆಯ ಪರದೆ ಸುತ್ತಿಡಲು ಮರೆತ ದಿನ, ಪ್ಲೇಗಿನ ಸೂಜಿಮದ್ದಿನ ಬಗ್ಗೆ ಭಾಷಣಕ್ಕೆ ಬಂದ ಡಾಕ್ಟರರು ಸಾಕ್ಷಾತ್ ಮಹಾರಾಜರಂತೆ ಕಂಡದ್ದು ನೆನಪಿದೆಯೆ?

ಹಲಗೆ ಕೀಳುವಾಗ ಅಪ್ಪ ಬಾಗಿಲಲ್ಲೇ ನಿಂತಿದ್ದ. ಮೂವತ್ತು ವರ್ಷ ಅಲ್ಲಿ ಗಂಟೆ ಹೊಡೆದ ಬಲಗೈ ಮರುದಿನ ಮೇಲೇಳಲಿಲ್ಲ. ಲಕ್ವಾ. ಮಾತೆಲ್ಲ ತೊದಲು, ಒಂದು ಮಾತ್ರ ಸ್ಪಷ್ಟ: "ಶಿವ್ಯಾ ಬಂದಾನೇನ್ ಬೇ?" ಅವ್ವ "ಹೊಂಟಾನಂತ ತಗೋರಿ" ಎಂದು ಒಲೆಯ ಕಡೆ ಮುಖ ತಿರುಗಿಸುತ್ತಾಳೆ. ಮುಟ್ಟಿಸಬೇಕಾದವರಿಗೆಲ್ಲ ಸುದ್ದಿ ಮುಟ್ಟಿಸಿ ಎಂದು ಡಾಕ್ಟರರು ಹೇಳಿ ಹೋದರು.

ನೀನೇಕೆ ಬರುವುದಿಲ್ಲವೆಂಬುದು ಊರಿಗೇ ಗೊತ್ತು. ನಲವತ್ತೆರಡರ ಆ ಚಲೇಜಾವ್ ಸಭೆಗೆ ಮುಂಚೆ ಅಪ್ಪ ಬೇಡಿಕೊಂಡಿದ್ದ: "ನಾಟಕಾ ಎಷ್ಟರ ಮಾಡೋ, ಭಾಷಣಾ ಬ್ಯಾಡ. ಪೊಲೀಸರು ಬಂದು ಕೀಲಿ ಜಡಿತಾರ." ನೀನು ಕೇಳಲಿಲ್ಲ. ಮಂಚ ಹತ್ತಿ ನಿಂತು "ಸೆರೆಮನೆಗೆ ಮೊದಲು ಹೋಗುವವನು ನಾನೇ" ಎಂದೆ. ಗುಂಪಿನಿಂದ ಕೂಗು ಬಂತು: "ವನ್ಸ್ ಮೋರ್!" ಹಾಡಿಗೆ ಆ ಕೂಗು ಬಿದ್ದರೆ ಮತ್ತೊಮ್ಮೆ ಹಾಡಲೇಬೇಕು, ಅದು ನಮ್ಮ ಮಂಚದ ಕಟ್ಟಳೆ. ಹತ್ತು ವರ್ಷ ನಾಯಕಿಯಾದವನ ಮೈ ಆ ಕಟ್ಟಳೆಯನ್ನು ಮರೆತಿರಲಿಲ್ಲ. ನೀನು ಎರಡು ಹೆಜ್ಜೆ ಹಿಂದೆ ಸರಿದು, ಎದೆಗೆ ಕೈಯೊತ್ತಿ, ಅದೇ ವಾಕ್ಯವನ್ನು ಮತ್ತೆ ಹೇಳಿದೆ. "ನಮ್ಮ ರಾಣಿ ಜೇಲಿಗೆ ಹೊಂಟಾಳ್ರೆವಾ!" ಎಂದು ಹೆಂಗಸರ ಸಾಲಿನಿಂದ ಸಕ್ರವ್ವ ಕೂಗಿದ್ದೇ ತಡ, ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನೀನು ಕೆಳಗಿಳಿದು ಅಪ್ಪನ ಮುಂದೆ ನಿಂತೆ. "ಮಂದಿ ಇಟ್ಟು ಕೂಗಿಸಿದೆಲ್ಲಾ ಯಪ್ಪಾ" ಎಂದು ಹಾಗೇ ನಡೆದುಬಿಟ್ಟೆ. ಅಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಅವ್ವನ ಆಶೀರ್ವಾದ, ಮೆಹಬೂಬ ಚಾಚಾನ ಸಲಾಮು. ಅಪ್ಪನದೂ ಆಶೀರ್ವಾದ, ಸದ್ಯಕ್ಕೆ ಎಡಗೈಯದು.

ನಿನ್ನ ತಮ್ಮ,
ಬಸಗೊಂಡಪ್ಪ

ತಾ.ಕ.: ಮೋಟಾರು ಹಾರ್ನು ಹೊಡೆಯುತ್ತಿದೆ, ತುಕಾರಾಮ ಪತ್ರಕ್ಕೆ ಕೈ ಚಾಚಿದ್ದಾನೆ. ಅಣ್ಣಾ, ಅಂದು ಕೂಗಿದವನು ನಾನು. ಸುಮ್ಮನೆ, ಚೇಷ್ಟೆಗೆ. ಅಪ್ಪ ನನ್ನ ಪಕ್ಕದಲ್ಲೇ ನಿಂತು ನೋಡಿದ್ದ. ಮನೆಗೆ ಬಂದ ಮೇಲೆ ಅವನು ಅಂದದ್ದು ಇಷ್ಟೇ: "ಒಬ್ಬಾಂವ ಹ್ವಾದ. ಬಾಯಿ ಮುಚ್ಚಿಕೊಂಡು ನೀನರ ಇರಪಾ."