ಎಡಗಡೆಯ ಮಡ್‌ಗಾರ್ಡು

೧೭ ಫೆಬ್ರವರಿ, ಮಂಗಳವಾರ

ಪ್ರೀತಿಯ ಅಕ್ಕಾ,

ಮೊನ್ನೆ ಫೋನಿನಲ್ಲಿ ನೀನು ಮೂರು ಸಲ ಕೇಳಿದೆ, "ಇಂಜಿನ್ ಬಿಚ್ಚಿಬಿಟ್ರಾ?" ಅಂತ. ಅಮ್ಮನ ಮಂಡಿನೋವಿನ ಬಗ್ಗೆ ಒಂದು ಸಲವೂ ಕೇಳಲಿಲ್ಲ. ಬಿಚ್ಚಿದರು ಎಂದೆ. ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎಂದು ನೀನು ಫೋನು ಇಟ್ಟುಬಿಟ್ಟೆ. ಹಾಲು ಬಿಟ್ಟು ಎರಡು ವರ್ಷವಾಯಿತು ಎಂದು ನೀನೇ ಹೇಳಿದ್ದೆಯಲ್ಲ, ಅಕ್ಕಾ.

ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ನನಗೆ ಏನನ್ನು ನಂಬಿಸಿದ್ದಿರೋ ಅದನ್ನು ನೀನು ಒಮ್ಮೆ ನನ್ನ ಬಾಯಿಂದಲೇ ಕೇಳಬೇಕು.

ಅಪ್ಪ ಇಪ್ಪತ್ತು ವರ್ಷ ಓಡಿಸಿದ ಕಾರನ್ನು ಗಿರಣಿಯ ಯಜಮಾನರು ಗಿರಣಿ ಮುಚ್ಚಿದ ದಿನ ಅಪ್ಪನಿಗೇ ಕೊಟ್ಟುಬಿಟ್ಟರು. ನಮ್ಮ ಬೀದಿಯಲ್ಲಿ ಆ ಕಾರು ತಿರುಗಿದರೆ ಜನ ಗೋಡೆಗೆ ಒತ್ತಿ ನಿಲ್ಲಬೇಕಿತ್ತು, ಅಷ್ಟು ಅಗಲ. ಆಮೇಲೆ ಅಪ್ಪ ಮದುವೆ ಮನೆಗಳಿಗೆ ಓಡಿಸುತ್ತಿದ್ದರು. ನಾನು ಎಂ.ಎ. ಮೊದಲ ವರ್ಷದಲ್ಲಿದ್ದೆ. ಒಂದು ಭಾನುವಾರ ಅಪ್ಪನ ಒಪ್ಪಿಗೆ ಪಡೆದು ನೀರಿನ ಟ್ಯಾಂಕಿನ ದಿಬ್ಬದವರೆಗೆ ಒಬ್ಬಳೇ ಓಡಿಸಿಕೊಂಡು ಹೋದೆ. ರೇಡಿಯೇಟರಿಗೆ ನೀರು ನೋಡುವುದನ್ನು ಮರೆತಿದ್ದೆ. ದಿಬ್ಬದ ಮೇಲೆ ಬುಸ್ಸೆಂದು ಹಬೆ ಎದ್ದಿತು. ಅರ್ಧ ಗಂಟೆ ಆರಲು ಬಿಟ್ಟು, ನೀರು ಹಾಕಿ, ಮೆಲ್ಲಗೆ ಮನೆಗೆ ತಂದೆ. ಮರುದಿನ ಕಾವ್ಯಮೀಮಾಂಸೆಯ ಪರೀಕ್ಷೆ. ಬರೆದು ಸಂಜೆ ಬರುವಷ್ಟರಲ್ಲಿ ಶೆಡ್ಡಿಗೆ ಬೀಗ ಬಿದ್ದಿತ್ತು. ಇಂಜಿನ್ ಹಿಡಿದುಕೊಂಡುಬಿಟ್ಟಿದೆ, ಇನ್ನು ಏಳುವುದಿಲ್ಲ ಎಂದರು ಅಪ್ಪ. ಬೈಯಲಿಲ್ಲ. ಊಟಕ್ಕೆ ಕೂತಾಗ, "ಹೋಗ್ಲಿ ಬಿಡು, ಕಬ್ಬಿಣ ತಾನೇ" ಅಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಮೇಲೆ ಯಾರು ಕರೆದರೂ ಅಪ್ಪ ಬೇರೆ ಕಾರು ಮುಟ್ಟಲಿಲ್ಲ. "ಅದು ಹೋದ್ಮೇಲೆ ಇನ್ನೊಂದರ ಸ್ಟೀರಿಂಗ್ ಹಿಡಿಯೋಕೆ ಮನಸ್ಸಿಲ್ಲ" ಎಂದು ಬಂದವರಿಗೆಲ್ಲ ಹೇಳುವಾಗ ನಾನು ಒಳಗಿನ ಕೋಣೆಯಲ್ಲಿ ಪುಸ್ತಕ ಹಿಡಿದು ಕೂತಿರುತ್ತಿದ್ದೆ. ಅವರ ಕೆಲಸ, ಅವರ ಗತ್ತು, ಎರಡನ್ನೂ ನಾನೇ ತಿಂದುಹಾಕಿದೆ ಅನ್ನಿಸುತ್ತಿತ್ತು. ಇವತ್ತಿಗೂ ನಾನು ಸ್ಟೀರಿಂಗ್ ಹಿಡಿದಿಲ್ಲ. ಕಾಲೇಜಿಗೆ ಎರಡು ಬಸ್ ಬದಲಾಯಿಸಿ ಹೋಗುತ್ತೇನೆ. ಯಾಕೆ ಎಂದು ನಮ್ಮನೆಯವರು ಕೇಳಿದಾಗಲೆಲ್ಲ ಬಸ್ಸಿನಲ್ಲಿ ಕವಿತೆ ಓದಬಹುದು ಎಂದು ಹೇಳಿದ್ದೇನೆ.

ಅಪ್ಪ ತೀರಿಕೊಂಡು ಆರು ವರ್ಷ. ನಾನು ಕೆಡಿಸಿದ್ದನ್ನು ಅಮ್ಮ ಇರುವಾಗಲೇ ನಾನು ಸರಿಮಾಡಿಸಬೇಕು ಅನ್ನಿಸಿ ಶೆಡ್ಡಿನ ಬೀಗ ತೆಗೆಸಿದೆ. "ಗುಜರಿಗೆ ಹಾಕು, ಹಳೇ ಹೆಣ ಯಾಕೆ ಎಬ್ಬಿಸ್ತೀಯ" ಅಂದೆ ನೀನು. ಆಗ ನನಗೆ ಅನುಮಾನ ಬರಲಿಲ್ಲ. ಬಂದದ್ದು ರಿಪೇರಿಗೆ ಕರೆಸಿದ ಮೇಸ್ತ್ರಿಯ ಮೇಲೆ.

ಅರವತ್ತೈದು ದಾಟಿದ ಮೆಕ್ಯಾನಿಕ್. ಬಂದವರೇ ಬಾನೆಟ್ ಎತ್ತಿ, ಸೈಲೆನ್ಸರಿನ ಬಾಯಿಗೆ ತುರುಕಿದ್ದ ಬಟ್ಟೆ ಎಳೆದು, ಚಕ್ರಗಳ ಭಾರ ತಪ್ಪಿಸಿದ್ದ ಮರದ ದಿಮ್ಮಿಗಳನ್ನು ಬಗ್ಗಿ ನೋಡಿದರು. ಪ್ಲಗ್ಗು ಬಿಚ್ಚಿದರೆ ಒಳಗೆಲ್ಲ ಎಣ್ಣೆ. "ಇದನ್ನ ಬಿಸಾಕಿಲ್ಲ ಮೇಡಂ, ಜೋಪಾನವಾಗಿ ಮಲಗಿಸಿದ್ದಾರೆ" ಅಂದರು. ಇನ್ನಷ್ಟು ಎಣ್ಣೆ ಸುರಿದು ಎರಡು ದಿನ ಬಿಟ್ಟು, ಸ್ಪ್ಯಾನರ್ ಹಾಕಿ ಕೈಯಿಂದಲೇ ತಿರುಗಿಸಿದರು. ಇಂಜಿನ್ ಬೆಣ್ಣೆಯ ಹಾಗೆ ತಿರುಗಿತು.

"ಇದು ಹಿಡ್ಕೊಂಡಿದೆ ಅಂತ ಹೇಳಿದ ಪುಣ್ಯಾತ್ಮ ಯಾರು?"

ನಮ್ಮಪ್ಪ, ಡ್ರೈವರ್ ಆಗಿದ್ದರು ಎಂದೆ. ಅವರು ನನ್ನ ಮುಖ ನೋಡಿ ಸ್ಪ್ಯಾನರ್ ಒರೆಸತೊಡಗಿದರು.

ನಾನು ನಂಬಲಿಲ್ಲ. ಒಳಗಿನ ಒಳ್ಳೆಯ ಭಾಗಗಳನ್ನು ಎಗರಿಸಲು ಕಥೆ ಕಟ್ಟುತ್ತಿದ್ದಾರೆ ಎಂದುಕೊಂಡೆ. ಇಂಜಿನ್ ನಂಬರು ಬರೆದಿಟ್ಟುಕೊಂಡೆ. ರಜೆ ಹಾಕಿ, ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಕವನ ಸಂಕಲನ ಬಿಡಿಸಿ ಕೂತೆ. ನಾಲ್ಕು ದಿನ ಒಂದೇ ಪುಟ. ನಮ್ಮನೆಯವರು ಚಹಾ ತಂದುಕೊಟ್ಟು, "ಕಳ್ಳ ಸಿಕ್ಕಿದ್ನಾ ಇನ್‌ಸ್ಪೆಕ್ಟರ್ರೇ?" ಎಂದು ನಕ್ಕರು. ಮೇಸ್ತ್ರಿಯೂ ಕಾರಿನ ಕೆಳಗಿನಿಂದಲೇ ಕೂಗಿದರು, "ಓದ್ಕೊಳಿ ಮೇಡಂ, ಓದ್ಕೊಳಿ. ಇಂಜಿನ್ ಎತ್ಕೊಂಡು ಓಡೋ ವಯಸ್ಸು ದಾಟಿದೆ ನಂಗೆ. ನಡುವೇ ಸರಿಯಿಲ್ಲ."

ಮೂರನೆಯ ದಿನ ಅವರು ಜೇಬಿನಿಂದ ಅಯಸ್ಕಾಂತ ತೆಗೆದು ಕಾರಿನ ಮೈಗೆಲ್ಲ ಅಂಟಿಸುತ್ತ ಬಂದರು. ಹಳೆಯ ಕಾರಿನ ತಗಡು ಪರೀಕ್ಷಿಸುವ ರೀತಿಯಂತೆ. ಬಾಗಿಲಿಗೆ ಅಂಟಿತು, ಬಾನೆಟ್ಟಿಗೆ ಅಂಟಿತು. ಎಡಗಡೆಯ ಮುಂದಿನ ಮಡ್‌ಗಾರ್ಡಿಗೆ ಇಟ್ಟರೆ ಟಣ್ ಎಂದು ನೆಲಕ್ಕೆ ಬಿತ್ತು. ಪೇಂಟಿನ ಅಡಿಯಲ್ಲಿ ತಗ್ಗು ಮುಚ್ಚುವ ಪುಟ್ಟಿಯನ್ನು ಬೆರಳು ದಪ್ಪ ಮೆತ್ತಿದ್ದರು. "ಬಲವಾಗಿ ಗುದ್ದಿದೆ" ಎಂದರು. ಹೆಡ್‌ಲೈಟ್ ಬಿಚ್ಚಿದಾಗ ಅದರ ಹಿಂದೆ, ಪೇಂಟು ಸೋರದ ಹಾಗೆ ಪೇಂಟರ್ ತುರುಕಿದ್ದ ಪತ್ರಿಕೆಯ ಉಂಡೆ ಸಿಕ್ಕಿತು. ನಾನು ಬಿಡಿಸಿ ತಾರೀಕು ನೋಡಿದೆ. ನನ್ನ ಪರೀಕ್ಷೆ ಕಳೆದು ಒಂಬತ್ತನೆಯ ದಿನದ್ದು.

ಸತ್ತ ಕಾರಿಗೆ ಯಾರು ಮುಖ ತಿದ್ದುತ್ತಾರೆ, ಅಕ್ಕಾ?

ನಾನು ದಿಬ್ಬದಿಂದ ಇಳಿಸಿ ತಂದಾಗ ಮಡ್‌ಗಾರ್ಡು ನೆಟ್ಟಗಿತ್ತು. ಹೆದರಿಕೆಗೆ ಸುತ್ತಲೂ ಒರೆಸಿಟ್ಟವಳು ನಾನೇ. ಅಂದರೆ ಸೋಮವಾರ ನಾನು ಪರೀಕ್ಷೆ ಬರೆಯುತ್ತಿದ್ದಾಗ ಕಾರು ಹೊರಗೆ ಹೋಗಿದೆ, ಯಾವುದಕ್ಕೋ ಗುದ್ದಿದೆ. ಅದೇ ಸೋಮವಾರ ನೀನು ಬಚ್ಚಲಲ್ಲಿ ಜಾರಿ ಬಿದ್ದು ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದೆ. ಆರು ವಾರ ನಿನ್ನ ತಲೆಕೂದಲು ತೊಳೆದವಳು ನಾನು. ಇನ್ನೆರಡು ತಿಂಗಳಿಗೆ ನಿನ್ನ ಮದುವೆ. ಅಪ್ಪ ನಿನಗೂ ಓಡಿಸಲು ಕಲಿಸಿದ್ದರು. ನನಗಿಂತ ನೀನೇ ಚುರುಕು, ನನಗಿಂತ ನಿನಗೇ ಅವಸರ.

ಅಮ್ಮನನ್ನು ಕೇಳಿದೆ. "ನಿಂಗೆ ಕಾರು ಬೇಕಿತ್ತು, ಸಿಕ್ತಲ್ಲ. ಮತ್ತೇನು ಕೆದಕ್ತೀಯ?" ಎಂದು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಅಮ್ಮ ಚಹಾ ಬಿಟ್ಟದ್ದನ್ನು ನೀನು ಎಂದಾದರೂ ನೋಡಿದ್ದೀಯಾ?

ಈಗ ನೇರವಾಗಿ ಕೇಳುತ್ತೇನೆ. ಅವತ್ತು ಓಡಿಸಿದವಳು ನೀನೇ ಅಲ್ಲವಾ? ಯಾವುದಕ್ಕೆ ಗುದ್ದಿದೆ, ಗೋಡೆಗೋ, ಮನುಷ್ಯನಿಗೋ? ಇಂಜಿನ್ನೇ ಹೋದ ಕಾರು ಬೀದಿಗೆ ಇಳಿದಿರಲು ಸಾಧ್ಯವಿಲ್ಲ, ಆದ್ದರಿಂದ ಗುದ್ದಿದ್ದು ಈ ಕಾರಲ್ಲ, ಇದೇ ತಾನೇ ನಿಮ್ಮ ಲೆಕ್ಕ? ನಿನ್ನ ಮದುವೆ ಉಳಿಯಲಿ ಎಂದು ನನ್ನ ತಲೆಗೆ ಕಟ್ಟಿದಿರಿ. ನಿನ್ನ ಮದುವೆಯಲ್ಲಿ ನಾನು ಓಡಾಡಿದ್ದು ನೆನಪಿದೆಯಾ? ಬಾಡಿಗೆ ಕಾರಿನಲ್ಲಿ ನೀನು ಹೊರಟಾಗ, ನಮ್ಮದರಲ್ಲೇ ಹೋಗಬೇಕಿತ್ತು, ನನ್ನಿಂದ ತಪ್ಪಿತು ಎಂದು ನಿನ್ನ ಕೈ ಹಿಡಿದು ಅತ್ತಿದ್ದೆ. ನೀನು ನನ್ನ ಕಣ್ಣು ಒರೆಸಿದೆ. ಆಗಲೂ ಬಾಯಿ ಬಿಡಲಿಲ್ಲ.

ಉತ್ತರ ಬರೆದೇ ಕಳಿಸು. ಫೋನು ಮಾಡಬೇಡ.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಲಕೋಟೆಗೆ ಹಾಕುವ ಮುಂಚೆ ಅಮ್ಮನಿಗೆ ಓದಿ ಹೇಳಿದೆ, ಹೆದರಿಸಲೆಂದೇ. ಕೊನೆಯವರೆಗೂ ಕೇಳಿ, "ಅವಳು ಓಡಿಸ್ಲಿಲ್ಲ ಕಣೇ. ಓಡಿಸಿದ್ದು ನಿಮ್ಮಪ್ಪ. ಅವಳು ಪಕ್ಕದಲ್ಲಿ ಕೂತಿದ್ಲು" ಅಂದರು. ಅಪ್ಪನ ಎಡಗಣ್ಣು ಆರು ತಿಂಗಳಿಂದ ಮಂಜಾಗಿತ್ತಂತೆ, ಯಾರಿಗೂ ಹೇಳಿರಲಿಲ್ಲವಂತೆ. ಟೈಲರ್ ಅಂಗಡಿಯ ತಿರುವಿನಲ್ಲಿ ದೀಪದ ಕಂಬ ಕಾಣಲೇ ಇಲ್ಲವಂತೆ. ಡ್ರೈವರಿಗೆ ಕಣ್ಣಿಲ್ಲ ಎಂದು ಊರೆಲ್ಲ ಆಡಿಕೊಳ್ಳುವುದು ಬೇಡ ಎಂದು ರಸ್ತೆಯಲ್ಲೇ ನಿನ್ನಿಂದ ಮಾತು ತೆಗೆದುಕೊಂಡರಂತೆ. ಕಾರು ಹೋಯಿತೆಂದರೆ ಓಡಿಸುವುದನ್ನು ಯಾಕೆ ಬಿಟ್ಟೆ ಎಂದು ಯಾರೂ ಕೇಳುವುದಿಲ್ಲವಲ್ಲ. ಹಬೆ ಎಬ್ಬಿಸಿದ ಮಗಳು ಹೇಗೂ ಇದ್ದಳು.

ಪತ್ರವನ್ನು ಹರಿದುಹಾಕೋಣ ಅಂದುಕೊಂಡೆ. ಹರಿಯಲಿಲ್ಲ. ಆ ಪತ್ರಿಕೆ ಸಿಕ್ಕಾಗಿನಿಂದ ನಾಲ್ಕು ದಿನ ನಿನ್ನ ಬಗ್ಗೆ ಏನೆಲ್ಲ ತಿಳಿದುಕೊಂಡಿದ್ದೆ ಎಂಬುದು ನಿನಗೂ ಗೊತ್ತಾಗಲಿ, ಅದಕ್ಕೆ ನನಗೆ ನಾಚಿಕೆಯಿದೆ. ಇಪ್ಪತ್ತೇಳು ವರ್ಷ ನನ್ನ ಬಗ್ಗೆ ನಾನು ಏನು ತಿಳಿದುಕೊಂಡಿದ್ದೆ ಎಂಬುದು ನಿನಗೆ ದಿನವೂ ಗೊತ್ತಿತ್ತು.