ಅಕ್ಕನ ವಾರ್ಡಿನ ಹೊರಗೆ

ಸೋಮವಾರ, ೧೦. ಬೆಳಿಗ್ಗೆ

ಮತ್ತೆ ಬಾತ್‌ರೂಮ್. ಎಷ್ಟನೆಯ ಸಲವೋ... ಲೆಕ್ಕ ಬಿಟ್ಟೆ. ವಿಮಾನ ಇಳಿದ ಮರುದಿನದಿಂದ ಇದೇ ಗೋಳು. ನೋಡಿದ ಪರದೇಶವೆಂದರೆ ಈ ಹೋಟೆಲಿನ ಬಿಳಿ ಟೈಲ್ಸು. ಗುರುವಾರ ಅಕ್ಕನಿಗೆ ಹಾರ್ಟ್ ಆಪರೇಷನ್. ಭಾವ ಹೋದ ಮೇಲೆ ಇಲ್ಲಿ ಒಬ್ಬಳೇ. ಅವಳಿಗಾಗಿಯೇ ಬಂದದ್ದು. ಆಸ್ಪತ್ರೆ ಕಿಟಕಿಯಿಂದಲೇ ಕಾಣುತ್ತದೆ.

ಐಸ್ ಮುಟ್ಟಲಿಲ್ಲ. ಹಲ್ಲುಜ್ಜಿದ್ದೂ ಬಾಟಲಿ ನೀರಿನಲ್ಲೇ. ಆದರೂ!

ಸಂಜೆ

ವಾರ್ಡಿನ ಬಾಗಿಲಲ್ಲಿ ನರ್ಸ್ ತಡೆದಳು. ವಾಂತಿ, ಭೇದಿ ಇದೆಯೇ? ಸುಳ್ಳು ಹೇಳಬಹುದಿತ್ತು. ಒಳಗಿರುವವರೆಲ್ಲ ಅಕ್ಕನಂಥವರೇ — ಬಾಯಿ ಬರಲಿಲ್ಲ. ಭೇದಿ ಪೂರ್ತಿ ನಿಂತು ಎರಡು ದಿನ ಕಳೆಯಬೇಕಂತೆ. ಒಳಗೆ ಫೋನೂ ಬಿಡುವುದಿಲ್ಲ. ನನ್ನ ಗಂಡ ಮಹಾರಾಯರು ಕೈ ತೊಳೆದು ಒಳಗೆ ಹೋದರು. ಇವರ ಹೊಟ್ಟೆ ಕಲ್ಲುಗುಂಡು. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಇವತ್ತು ನಿಂತರೆ ಬುಧವಾರ ಸಂಜೆ ನೋಡಬಹುದು. ನಿಲ್ಲಲಿ.

ಮಂಗಳವಾರ, ೧೧

ನಿಲ್ಲಲಿಲ್ಲ. ಯಾಕೆಂದು ಈಗ ಗೊತ್ತಾಯಿತು. ಇವರು ನನ್ನ ಖಾಲಿ ಬಾಟಲಿಯನ್ನು ಬಾತ್‌ರೂಮಿನ ನಲ್ಲಿಗೆ ಹಿಡಿದಿದ್ದರು.

"ಮೊದಲಿಂದ್ಲೂ ಇದನ್ನೇ ಕೊಡ್ತಿದ್ರಾ?"

"ಒಳ್ಳೇ ಬಾಟ್ಲಿ ಕಣೇ, ಎಸೆಯೋಕೆ ಮನಸ್ಸು ಬರ್ಲಿಲ್ಲ. ನೀರಿಗೂ ಪಾಸ್‌ಪೋರ್ಟ್ ಬೇಕಾ?"

"ನೀವ್ಯಾಕೆ ಕುಡೀಲಿಲ್ಲ?"

"ನಂಗೆ ಕಾಫಿ ಸಾಕಲ್ಲ."

ಮನೆಯಲ್ಲೂ ಇದೇ ಚಾಳಿ. ಜಾಮಿನ ಬಾಟಲಿ, ಎಣ್ಣೆ ಡಬ್ಬ, ಯಾವುದನ್ನೂ ಎಸೆದವರಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ಮೈ ಉರಿಯಿತು. ನೆಟ್ಟಗೆ ಬೈಯುವುದಕ್ಕೂ ಆಗಲಿಲ್ಲ, ಎದ್ದು ಓಡಬೇಕಾಯಿತು.

ಗುರುವಾರ, ೧೩. ಮಧ್ಯಾಹ್ನ

ನಿನ್ನೆ ಡಾಕ್ಟರು ಹೋಟೆಲಿಗೇ ಬಂದು ನನಗೆ ಡ್ರಿಪ್ ಹಾಕಿದ್ದರು, ಬರೆಯಲಾಗಲಿಲ್ಲ. ಅಕ್ಕನನ್ನು ಬೆಳಿಗ್ಗೆಯೇ ಥಿಯೇಟರಿಗೆ ಕರೆದೊಯ್ದರಂತೆ. ಕಳಿಸಿ ಬಂದವರು ಇವರು.

"ನನ್ನ ಕೇಳಿದ್ಲಾ?"

"ದಿನಾ ಕೇಳ್ತಿದ್ರು. ಹುಷಾರಿಲ್ಲ ಅಂದ್ರೆ ಗಾಬರಿ ಆಗ್ತಾರೆ ಅಂತ... ಊರು ನೋಡೋಕೆ ಹೋಗಿದಾಳೆ ಅಂದೆ."

"ದಿನಾನೂ?"

"ಹ್ಞೂಂ."

"ಅದಕ್ಕೆ ಏನಂದ್ಲು?"

ಇವರು ತಲೆ ಎತ್ತಲಿಲ್ಲ. "ಸುತ್ತಾಡ್ಲಿ ಬಿಡಿ, ಪಾಪ, ಯಾವತ್ತು ಮನೆ ಬಿಟ್ಟು ಹೊರಗೆ ಬಂದಿದ್ಲು... ಅಂದ್ರು."

ಸಂಜೆ

ಆಸ್ಪತ್ರೆಯಿಂದ ಫೋನ್. ಆಪರೇಷನ್ನಿಗೆಂದು ನಿಲ್ಲಿಸಿದ ಹೃದಯ ಮತ್ತೆ ಬಡಿಯಲೇ ಇಲ್ಲವಂತೆ. ಅಕ್ಕ ಹೋದಳು.

ಈಗ ನಾನು ನೋಡಬಹುದಂತೆ. ಅವಳನ್ನು ಈಗ ಇಟ್ಟಿರುವ ಕೋಣೆಯಲ್ಲಿ ಹೊಟ್ಟೆಯ ವಿಷಯ ಯಾರೂ ಕೇಳುವುದಿಲ್ಲವಂತೆ. ಇವರು ಬಾಗಿಲಲ್ಲಿ ನಿಂತು, ನೀರು ಕುಡಿದು ಹೊರಡು ಅನ್ನುತ್ತಿದ್ದಾರೆ. ಕೈಯಲ್ಲಿ ಹೊಸ ಬಾಟಲಿ, ಸೀಲು ಒಡೆದಿಲ್ಲ.

ಅಕ್ಕಾ, ನಾನು ಯಾವ ಊರನ್ನೂ ನೋಡಿಲ್ಲ ಕಣೇ. ನಾನು ಇಲ್ಲೇ, ಎದುರಿಗೇ...